ಕನ್ನಡನಾಡಿನ ಜೈನ ವಣಿಜರ ಏಳ್ಗೆಯ ಮೂಲಗಳು

ಜೈನರು ವ್ಯಾಪಾರದಲ್ಲಿ ಮುಂದುವರಿದುದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅಹಿಂಸಾಧರ್ಮವು ನೆಲ ಉಳುವುದನ್ನು ನಿಷೇಧಿಸಿತು, ಆದ್ದರಿಂದ ಶ್ರಾವಕರು ತಕ್ಕಡಿಯನ್ನು ಹಿಡಿದರು. ಈ ಮಾತು ಗ್ರಂಥಗಳಲ್ಲಿಯೂ ಭಾಷಣಗಳಲ್ಲಿಯೂ ಎಷ್ಟು ಸಲ ಬಂದಿದೆಯೆಂದರೆ, ನಮ್ಮವರೇ ಅದನ್ನು ನಂಬಿಬಿಟ್ಟಿದ್ದಾರೆ. ಆದರೆ ಕರ್ನಾಟಕದ ಮಟ್ಟಿಗೆ ಇದು ಸಲ್ಲದು. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಸೀಮೆಗಳ ದಿಗಂಬರ ಜೈನರಲ್ಲಿ ಬಹುಮಂದಿ ತಲೆತಲಾಂತರದಿಂದ ಒಕ್ಕಲುತನದವರು. ತುಳುನಾಡಿನ ಜೈನ ಬಲ್ಲಾಳರು ಬೀಡುಗಳಲ್ಲಿ ನೆಲೆನಿಂತು ಭೂಮಿಯನ್ನಾಳಿದವರು. ಅಹಿಂಸೆಯೊಂದೇ ಎಲ್ಲರನ್ನೂ ಅಂಗಡಿಗೆ ದೂಡಿದ್ದರೆ ಇವರು ನೇಗಿಲು ಹಿಡಿಯುತ್ತಿರಲಿಲ್ಲ. ಹಾಗಾದರೆ ನಮ್ಮ ಸೆಟ್ಟಿಗಳ ಏಳ್ಗೆಗೆ ನಿಜವಾದ ಕಾರಣಗಳು ಯಾವುವು? ಶಾಸನಗಳು ಈ ವಿಷಯದಲ್ಲಿ ಮೌನವಾಗಿಲ್ಲ; ನಾವು ಅವುಗಳಲ್ಲಿ ದಾನವನ್ನು ಮಾತ್ರ ಓದಿ, ದಾನ ಹುಟ್ಟಿದ ಬಗೆಯನ್ನು ಓದದೆ ಬಿಟ್ಟಿದ್ದೇವೆ.

ಮೊದಲಿಗೆ ಹುಂಚವನ್ನು ನೋಡೋಣ. ಸಾಂತರ ಅರಸರ ಈ ರಾಜಧಾನಿಯಲ್ಲಿ 1062ರ ಸುಮಾರಿನಲ್ಲಿ ನೊಕ್ಕಯ್ಯಸೆಟ್ಟಿಯೆಂಬ ವಣಿಜನಿದ್ದನು. ವೀರಸಾಂತರನ ಕಾಲದ ಈತನು ಪಟ್ಟಣಸ್ವಾಮಿಯೆಂದು ಪ್ರಸಿದ್ಧನಾಗಿದ್ದನು. ಇವನು ಕಟ್ಟಿಸಿದ ಪಟ್ಟಣಸ್ವಾಮಿ ಜಿನಾಲಯವನ್ನು ಎಲ್ಲರೂ ಬಲ್ಲರು. ಆದರೆ ಅದೇ ಸೆಟ್ಟಿಯು ಕೆರೆಗಳನ್ನೂ ಕಟ್ಟಿಸಿದನೆಂಬ ಅಂಶವು ನಮ್ಮ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಕೆರೆಯಿದ್ದಲ್ಲಿ ಬೆಳೆ, ಬೆಳೆಯಿದ್ದಲ್ಲಿ ಸಂತೆ, ಸಂತೆಯಿದ್ದಲ್ಲಿ ಸುಂಕ. ಪಟ್ಟಣಸ್ವಾಮಿಯೆಂಬುದು ಬರಿಯ ಬಿರುದಲ್ಲ. ಊರಿನ ವ್ಯವಹಾರದ ಮುಂದಾಳುತನದ ಹೊಣೆ. ತನ್ನ ಸುತ್ತಣ ನಾಡು ಬಡವಾಗಿದ್ದು ತಾನೊಬ್ಬನೇ ಸಿರಿವಂತನಾಗಲಾರೆನೆಂಬುದನ್ನು ಈತನು ಅರಿತಿದ್ದನೆಂದು ತೋರುತ್ತದೆ.

ಇನ್ನು ಸಂಘಬಲ. ಅಯ್ಯಾವೊಳೆಯ ಐನೂರ್ವರೆಂಬ ಮಹಾಸಂಘದ ಹೆಸರನ್ನು ಕೇಳದ ಇತಿಹಾಸಪ್ರಿಯರಿಲ್ಲ. ಐಹೊಳೆಯ ಹೆಸರನ್ನು ಹೊತ್ತ ಈ ವಣಿಜರು ದಖ್ಖನದಲ್ಲಷ್ಟೇ ಅಲ್ಲದೆ ಕಡಲಾಚೆಗೂ ಹೋದರು; ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನವು ಐನೂರ್ವರದೇ. ಈ ಸಂಘದಲ್ಲಿ ಜೈನರಿದ್ದರು, ಶೈವರಿದ್ದರು, ವೈಷ್ಣವರಿದ್ದರು. ಒಂದೇ ಬಂಡಿಸಾಲಿನಲ್ಲಿ ಸಾಗುವವರಿಗೆ ಕಳ್ಳರ ಭಯವೂ ಒಂದೇ, ಸುಂಕದ ಕಟ್ಟೆಯೂ ಒಂದೇ. 1204ರಲ್ಲಿ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೆಳಗಾವಿಯ ರಟ್ಟ ಜಿನಾಲಯಕ್ಕೆ ದತ್ತಿ ಬಿಟ್ಟಾಗ, ಆ ಊರಿನ ವರ್ತಕ ಸಮೂಹವು ಮಾರಾಟದ ಸರಕುಗಳ ಮೇಲೆ ಇಷ್ಟಿಷ್ಟೆಂದು ಆಯವನ್ನು ಬಿಟ್ಟುಕೊಟ್ಟಿತು. ಲಾಟದೇಶದಿಂದಲೂ ಮಲೆಯಾಳದಿಂದಲೂ ಬಂದು ನೆಲಸಿದ ವ್ಯಾಪಾರಿಗಳು ಆ ಸಮೂಹದಲ್ಲಿದ್ದರು. ಯಾವ ಸರಕಿನ ಮೇಲೆ ಎಷ್ಟು ಆಯವೆಂದು ಕಲ್ಲಿನ ಮೇಲೆ ಬರೆಯಬಲ್ಲ ಸಮೂಹಕ್ಕೆ ತನ್ನ ಲೆಕ್ಕ ತನಗೆ ಗೊತ್ತಿದ್ದಿತು. ಬರೆದುದನ್ನು ನಡೆಸುವ ಶಿಸ್ತೂ ಇದ್ದಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ವ್ಯಾಪಾರದ ಜೀವಾಳ ನಂಬಿಕೆ. ಇಂದಿನಂತೆ ಬ್ಯಾಂಕುಗಳಿಲ್ಲದ ಆ ಕಾಲದಲ್ಲಿ ಘಟ್ಟದ ಮೇಲಿನ ವರ್ತಕನು ತಾನು ಕಣ್ಣಿಂದ ನೋಡದ ಬಂದರಿನ ವರ್ತಕನಿಗೆ ನೂರಾರು ಹೇರು ಸರಕನ್ನು ಕಳುಹಿಸುವುದೆಂದರೆ ಸಾಮಾನ್ಯವಲ್ಲ. ಆ ನಂಬಿಕೆಯನ್ನು ಬೆಳೆಸಿದುದರಲ್ಲಿ ಶ್ರಾವಕಾಚಾರದ ಪಾತ್ರ ಹಿರಿದು. ಆದರೆ ಅದು ಜನ ಹೇಳುವ ರೀತಿಯಲ್ಲಿ ಅಲ್ಲ. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳಿದೆಯಷ್ಟೆ. ಅಚೌರ್ಯವ್ರತದ ಅತಿಚಾರಗಳನ್ನು ವ್ಯಾಪಾರಿಯ ಕಣ್ಣಿನಿಂದ ಒಮ್ಮೆ ನೋಡಿರಿ: ಕಳವಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ-ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಅಸಲಿನಂತೆ ತೋರುವ ನಕಲಿ ವಸ್ತುವನ್ನು ಬೆರೆಸಿ ಮಾರುವುದು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಸೃಷ್ಟಿಸುವುದು, ಮತ್ತು ನ್ಯಾಸಾಪಹಾರ, ಎಂದರೆ ಒತ್ತೆಯಿಟ್ಟುದನ್ನು ಅಪಹರಿಸುವುದು, ಸೇರಿವೆ. ಇವು ಸಂತೆಯ ಕಟ್ಟಳೆಗಳಲ್ಲದೆ ಮತ್ತೇನು? ಒಬ್ಬ ಸೆಟ್ಟಿಯು ವ್ರತಧಾರಿಯೆಂದರೆ ಅವನ ತಕ್ಕಡಿಯೂ ವ್ರತ ಹಿಡಿದಿದೆಯೆಂದು ದೂರದ ಊರಿನವರು ಭಾವಿಸಬಹುದಾಗಿತ್ತು. ವ್ರತಭಂಗವಾದರೆ ಗುರುಗಳ ಮುಂದೆಯೂ ಸಮಾಜದ ಮುಂದೆಯೂ ತಲೆ ತಗ್ಗಿಸಬೇಕಾಗಿದ್ದಿತು. ವ್ರತ ಹಿಡಿದವರೆಲ್ಲರೂ ಅದನ್ನು ಪಾಲಿಸಿದರೆಂದು ನಾನು ಹೇಳಲಾರೆ. ಅತಿಚಾರಗಳನ್ನು ಇಷ್ಟು ವಿವರವಾಗಿ ಎಣಿಸಬೇಕಾಗಿ ಬಂದುದೇ ಅವು ನಡೆಯುತ್ತಿದ್ದುವೆಂಬುದಕ್ಕೆ ಸಾಕ್ಷಿ.

ನಂಬಿಕೆಯ ಜೊತೆಗೆ ಬರವಣಿಗೆ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಡತಗಳು ನಮ್ಮ ನಾಡಿನ ವರ್ತಕರ ಲೆಕ್ಕದ ಪುಸ್ತಕಗಳು. ಇಂದು ಸರ್ಕಾರಿ ಕಚೇರಿಗಳಲ್ಲಿ ದೂಳು ಹಿಡಿಯುವ ಕಡತಕ್ಕೆ ಆ ಹೆಸರು ಬಂದುದು ಇಲ್ಲಿಂದಲೇ. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ಎಣಿಸಿ, ಓಲೆಗರಿಗಳ ಮೇಲೆ ಗ್ರಂಥಗಳನ್ನು ಪ್ರತಿ ಮಾಡಿಸಿ ಹಂಚುತ್ತಿದ್ದ ಸಮಾಜದಲ್ಲಿ ಅಕ್ಷರವು ಸೆಟ್ಟಿಯ ಮನೆಗೆ ಹೊಸದಾಗಿರಲಿಲ್ಲ.

ಶ್ರವಣಬೆಳಗೊಳದ ಶಾಸನಗಳು ಈ ಎಲ್ಲ ಅಂಶಗಳನ್ನೂ ಒಂದೆಡೆ ತೋರಿಸುತ್ತವೆ. ಎರಡನೆಯ ಬಲ್ಲಾಳನ ಪಟ್ಟಣಸ್ವಾಮಿ ನಾಗದೇವನು 1195ರಲ್ಲಿ ಕಟ್ಟಿಸಿದ ಜಿನಾಲಯಕ್ಕೆ ನಖರ ಜಿನಾಲಯವೆಂದೇ ಹೆಸರು. ನಖರವೆಂದರೆ ವರ್ತಕ ಸಮೂಹ. ಹದಿಮೂರನೆಯ ಶತಮಾನದ ಹಲವು ಶಾಸನಗಳಲ್ಲಿ ಭಕ್ತರು ಕೆಲವು ಗದ್ಯಾಣಗಳನ್ನು ನಿಧಿಯಾಗಿಟ್ಟು, ಅದರ ಬಡ್ಡಿಯಿಂದ ಗೊಮ್ಮಟೇಶ್ವರನ ನಿತ್ಯಾಭಿಷೇಕಕ್ಕೆ ಇಷ್ಟು ಮಾನ ಹಾಲು ನಡೆಯಬೇಕೆಂದು ವಿಧಿಸಿದ್ದಾರೆ. ಮೂಲಧನವನ್ನು ಮುಟ್ಟದೆ ಬಡ್ಡಿಯಲ್ಲಿ ಧರ್ಮ ನಡೆಸುವುದೆಂದರೆ, ಆ ಹಣವು ಎಲ್ಲಿಯೋ ದುಡಿಯುತ್ತಿರಬೇಕು. ದುಡಿಸುವ ಕೈ ನಂಬಿಕೆಯದಾಗಿರಬೇಕು. ಹಾಲು ನಿಂತ ದಿನ ಊರಿಗೆಲ್ಲ ತಿಳಿಯುತ್ತದೆ. ಇದಕ್ಕಿಂತ ಕಟ್ಟುನಿಟ್ಟಾದ ಲೆಕ್ಕತಪಾಸಣೆ ಬೇಕೆ?

ಮೊಸಳೆಯ ವಡ್ಡವ್ಯವಹಾರಿ ಬಸವಿಸೆಟ್ಟಿಯು ಅಲ್ಲಿಯೇ ಇಪ್ಪತ್ತುನಾಲ್ಕು ತೀರ್ಥಂಕರರ ಬಿಂಬಗಳನ್ನು ಪ್ರತಿಷ್ಠಾಪಿಸಿದಾಗ, ಅವುಗಳ ಪೂಜೆಗೆ ಮೊಸಳೆಯ ಇತರ ವರ್ತಕರು ತಮ್ಮ ತಮ್ಮ ಶಕ್ತ್ಯನುಸಾರ ವರ್ಷ ವರ್ಷವೂ ಇಷ್ಟೆಂದು ಸಣ್ಣ ಸಣ್ಣ ಮೊತ್ತಗಳನ್ನು ಕೊಡಲು ಒಪ್ಪಿದರು. ಅವರ ಹೆಸರುಗಳನ್ನೂ ಕಲ್ಲಿನಲ್ಲಿ ಕೆತ್ತಲಾಯಿತು. ದೊಡ್ಡ ಸೆಟ್ಟಿಯ ಪಕ್ಕದಲ್ಲಿ ಚಿಕ್ಕ ವ್ಯಾಪಾರಿಯ ಹೆಸರೂ ನಿಲ್ಲುವ ಈ ಪದ್ಧತಿಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಹೊಸದಾಗಿ ವ್ಯವಹಾರಕ್ಕೆ ಇಳಿದವನಿಗೆ ಬೇಕಾದುದು ಹಣಕ್ಕಿಂತ ಮೊದಲು ಹೆಸರು. ಅದನ್ನು ಬಸದಿಯ ಕಲ್ಲು ಕೊಟ್ಟಿತು.

ಸ್ತ್ರೀಯರನ್ನು ಮರೆಯುವಂತಿಲ್ಲ. ವಿಷ್ಣುವರ್ಧನನ ರಾಜಶ್ರೇಷ್ಠಿಗಳಾಗಿದ್ದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯರ ತಾಯಂದಿರಾದ ಮಾಚಿಕಬ್ಬೆ ಮತ್ತು ಶಾಂತಿಕಬ್ಬೆಯರು ಚಂದ್ರಗಿರಿಯ ತೇರಿನ ಬಸದಿಯನ್ನು ಕಟ್ಟಿಸಿದರೆಂದು 1117ರ ಶಾಸನವು ಹೇಳುತ್ತದೆ. ಮನೆಯ ಸಂಪತ್ತಿನ ವಿನಿಯೋಗದಲ್ಲಿ ಮನೆಯ ಹಿರಿಯ ಹೆಂಗಸಿನ ಮಾತು ನಡೆಯುತ್ತಿದ್ದಿತೆಂದಾಯಿತು.

ರಾಜರಕ್ಷಣೆಯಿಲ್ಲದೆ ಇವೆಲ್ಲ ನಿಲ್ಲುತ್ತಿರಲಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಕಲಹವುಂಟಾದಾಗ ಬುಕ್ಕರಾಯನು ನೀಡಿದ ತೀರ್ಪನ್ನು ನಾವೆಲ್ಲರೂ ಅಭಿಮಾನದಿಂದ ನೆನೆಯುತ್ತೇವೆ. ಆ ತೀರ್ಪಿನ ವ್ಯವಹಾರದ ಭಾಗವು ಅಷ್ಟೇ ಸ್ವಾರಸ್ಯವಾದುದು. ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣವನ್ನೆತ್ತಿ, ಅದನ್ನು ತಿರುಮಲೆಯ ತಾತಯ್ಯನ ಮೂಲಕ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಲು ಬಳಸಿ, ಉಳಿದುದನ್ನು ಜೀರ್ಣ ಜಿನಾಲಯಗಳ ದುರಸ್ತಿಗೆ ವಿನಿಯೋಗಿಸಬೇಕೆಂದು ಗೊತ್ತಾಯಿತು. ಈ ವಿಷಯದಲ್ಲಿ ರಾಯನಿಗೆ ಬಿನ್ನಹ ಮಾಡಿದವನು ಕಲ್ಲೆಹದ ಬುಸುವಿಸೆಟ್ಟಿ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನಿತ್ತರು. ವಿದ್ವಾಂಸನಲ್ಲ, ದಂಡನಾಯಕನಲ್ಲ, ಒಬ್ಬ ಸೆಟ್ಟಿ! ಎರಡು ಕಡೆಯವರೊಡನೆಯೂ ಕೊಳುಕೊಡುಗೆಯಿದ್ದವನಿಗೇ ಸಂಧಾನದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ.

ಕರಾವಳಿಯ ಕಥೆ ಇದರ ಮುಂದುವರಿಕೆ. ಬಾರಕೂರು, ಬಸರೂರುಗಳಿಂದ ಅಕ್ಕಿಯೂ, ಭಟ್ಕಳ ಹೊನ್ನಾವರಗಳಿಂದ ಮೆಣಸೂ ಹಡಗೇರುತ್ತಿದ್ದುವು. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು, 1520ರ ಸುಮಾರಿನಲ್ಲಿ ಘಟ್ಟದ ದುರ್ಗಮ ಹಾದಿಯಲ್ಲಿಯೂ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಇಳಿಯುತ್ತಿದ್ದುವೆಂದು ಬರೆದಿದ್ದಾನೆ. ಮೂಡಬಿದಿರೆಯ ಹದಿನೆಂಟು ಬಸದಿಗಳ ಹೆಸರುಗಳನ್ನು ನೋಡಿದರೆ ವಿಕ್ರಮಶೆಟ್ಟಿ ಬಸದಿ, ಕೋಟಿಶೆಟ್ಟಿ ಬಸದಿ, ದೇರಮ್ಮಶೆಟ್ಟಿ ಬಸದಿ ಎಂದು ಶೆಟ್ಟರ ಹೆಸರುಗಳೇ ಎದ್ದು ಕಾಣುತ್ತವೆ. 1430ರಲ್ಲಿ ಎದ್ದ ತ್ರಿಭುವನ ತಿಲಕ ಚೂಡಾಮಣಿ ಬಸದಿಯ ಶಿಲ್ಪದಲ್ಲಿ ಆಫ್ರಿಕದ ಜಿರಾಫೆಯೂ ಚೀನದ ಡ್ರ್ಯಾಗನನ್ನು ಹೋಲುವ ಆಕೃತಿಯೂ ಇವೆ. ಇವು ಆ ಶೆಟ್ಟರ ಸರಕು ಹೋದ ದಿಕ್ಕುಗಳನ್ನು ಸೂಚಿಸುತ್ತವೆಂಬ ವಿದ್ವಾಂಸರ ಊಹೆ ಒಪ್ಪತಕ್ಕುದಾಗಿದೆ.

ಆದರೆ ನಂಬಿಕೆ, ಸಂಘ, ಲೆಕ್ಕ, ಧರ್ಮ ಎಲ್ಲವೂ ಇದ್ದೂ ವ್ಯಾಪಾರ ಮುಳುಗಿದ ನಿದರ್ಶನವೊಂದು ನಮ್ಮಲ್ಲಿಯೇ ಇದೆ. ಅದನ್ನು ಹೇಳದಿದ್ದರೆ ಈ ಬರಹ ಅರೆಯಾದೀತು. ಶರಾವತಿಯ ದಡದ ಗೇರುಸೊಪ್ಪೆಯ ಅರಸಿ ಚೆನ್ನಭೈರಾದೇವಿಯು ಹದಿನಾರನೆಯ ಶತಮಾನದ ಉತ್ತರಾರ್ಧದುದ್ದಕ್ಕೂ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಆ ಹೆಸರಿನಲ್ಲಿ ಗೌರವವೆಷ್ಟಿದೆಯೋ ಅಪಾಯವೂ ಅಷ್ಟೇ ಇದೆ. ರಾಜ್ಯದ ಸಿರಿಯೆಲ್ಲ ಬಹುಮಟ್ಟಿಗೆ ಒಂದೇ ಸರಕಿನ ಮೇಲೆ, ಒಂದೇ ಹೊಳೆಯ ದಾರಿಯ ಮೇಲೆ ನಿಂತಿದ್ದಿತು. ಕಡಲಿನಲ್ಲಿ ಪೋರ್ಚುಗೀಸರು ತಮ್ಮ ರಹದಾರಿ ಚೀಟಿಯಿಲ್ಲದೆ ಹಡಗು ಸಾಗಗೊಡದಾದರು. ಮೇಲಿನಿಂದ ಕೆಳದಿಯ ನಾಯಕರು ಒತ್ತಿ ಬಂದರು. 1606ರ ಸುಮಾರಿಗೆ ಗೇರುಸೊಪ್ಪೆ ವೆಂಕಟಪ್ಪನಾಯಕನ ವಶವಾಯಿತು. ಅಲ್ಲಿಯ ವರ್ತಕರ ಪ್ರಾಮಾಣಿಕತೆಗೆ ಕುಂದು ಬಂದಿತ್ತೆಂದು ಹೇಳಲು ಆಧಾರವಿಲ್ಲ. ಮೆಣಸಿನ ಬಳ್ಳಿಯೂ ಒಣಗಲಿಲ್ಲ. ದಾರಿ ಮಾತ್ರ ಪರರ ಕೈಸೇರಿತು.

1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಬ್ಬನು ವೆಂಕಟಪ್ಪನಾಯಕನನ್ನು ಕಾಣಲು ಇಕ್ಕೇರಿಗೆ ಹೊರಟನು. ಮಾತುಕತೆಯ ವಿಷಯಗಳಲ್ಲಿ ಮೆಣಸಿನ ಬೆಲೆಯೂ ಒಂದು. ಅವನೊಡನಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊಳೆಯ ಮಾರ್ಗವಾಗಿ ಗೇರುಸೊಪ್ಪೆಯನ್ನು ತಲಪಿ, ಹಿಂದೆ ಒಬ್ಬ ರಾಣಿಯ ರಾಜಧಾನಿಯಾಗಿದ್ದ ಆ ನಗರವೂ ಅರಮನೆಯೂ ಪಾಳುಬಿದ್ದು ಮರಗಿಡಗಳು ಬೆಳೆದಿರುವುದನ್ನು ದಾಖಲಿಸಿದನು. ರಾಣಿಯ ಆಳ್ವಿಕೆ ಮುಗಿದು ಇಪ್ಪತ್ತು ವರ್ಷಗಳೂ ಆಗಿರಲಿಲ್ಲ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಅಲ್ಲಿಯ ಚತುರ್ಮುಖ ಬಸದಿಯು ಇಂದಿಗೂ ಕಾಡಿನ ನಡುವೆ ನಿಂತಿದೆ.