ನಾವುಂದದಲ್ಲಿ ರಾಜಮಾರ್ಗವೂ ಮನುಷ್ಯಪಥವೂ

ಕುಂದಾಪುರದಿಂದ ಬಡಗು ಮುಖವಾಗಿ ಹೊರಟವರಿಗೆ ಹೆಮ್ಮಾಡಿ, ತ್ರಾಸಿ, ಮರವಂತೆಗಳು ಕಳೆದೊಡನೆ ನಾವುಂದವು ದೊರೆಯುತ್ತದೆ. ಅದರ ಮುಂದಕ್ಕೆ ಕಿರಿಮಂಜೇಶ್ವರ. ಈ ಗ್ರಾಮಗಳೆಲ್ಲಕ್ಕೂ ಮೈಕಟ್ಟು ಒಂದೇ. ಪಡುವಲಿಗೆ ಕಡಲು, ಕಡಲ ಬದಿಯ ಹೊಯ್ಗೆಯಲ್ಲಿ ತೆಂಗಿನ ತೋಟ, ಮೀನುಗಾರರ ಮನೆಗಳು, ಅಲ್ಲಿಂದ ಒಳಕ್ಕೆ ಗದ್ದೆಯ ಬೈಲು, ಅದರಾಚೆ ಹಕ್ಕಲು, ಹಾಡಿ, ಗುಡ್ಡ. ಆದುದರಿಂದ ಇಲ್ಲಿಯ ಜನರ ನಿತ್ಯದ ಓಡಾಟವೆಲ್ಲ ಪೂರ್ವಪಶ್ಚಿಮವಾಗಿಯೇ ಬೆಳೆದುದು. ಮೀನಿನ ಬುಟ್ಟಿ ಮೂಡಣಕ್ಕೆ ಹೋಗಬೇಕು, ಅಕ್ಕಿ ಸೌದೆಗಳು ಪಡುವಣಕ್ಕೆ ಬರಬೇಕು. ಗಂಟಿಗಳು ಬೆಳಗ್ಗೆ ಹಾಡಿಗೆ ಏರಿ ಸಂಜೆಗೆ ಇಳಿಯಬೇಕು. ರಸ್ತೆಯಾದರೋ ಉತ್ತರದಕ್ಷಿಣವಾಗಿ ಬಂದಿತು. ಅದು ಊರಿನವರಿಗಾಗಿ ಬಂದುದಲ್ಲ, ಊರನ್ನು ದಾಟಿ ಹೋಗುವವರಿಗಾಗಿ ಬಂದುದು. ಈ ಎರಡು ದಿಕ್ಕುಗಳ ವಿರೋಧವನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಾವುಂದದ ಹಾದಿಯ ಚರಿತ್ರೆಯು ಸುಲಭವಾಗಿ ತಿಳಿಯುವುದು.

ಪೂರ್ವಕಾಲದಲ್ಲಿ ಈ ತೀರದಲ್ಲಿ ಉದ್ದದ ಪ್ರಯಾಣವೆಂದರೆ ನೀರಿನ ಮೇಲೆಯೇ. ಕುಂದಾಪುರದ ಬಳಿ ಐದು ನದಿಗಳು ಕೂಡಿ ಪಂಚಗಂಗಾವಳಿಯೆನಿಸಿವೆ. ಅವುಗಳಲ್ಲೊಂದಾದ ಸೌಪರ್ಣಿಕೆಯು ಮರವಂತೆಯಲ್ಲಿ ಕಡಲಿಗೆ ಕೂಗಳತೆಯಷ್ಟು ಸಮೀಪಕ್ಕೆ ಬಂದೂ ಅದನ್ನು ಕೂಡದೆ, ತೆಂಕಣಕ್ಕೆ ಹೊರಳಿ, ಗಂಗೊಳ್ಳಿಯ ಅಳಿವೆಯನ್ನು ಸೇರುತ್ತದೆ. ಇಂತಹ ನಾಡಿನಲ್ಲಿ ಗಾಡಿಗಿಂತ ದೋಣಿಯೂ, ದೋಣಿ ಹೋಗದಲ್ಲಿ ತಲೆಹೊರೆಯೂ, ಘಟ್ಟಕ್ಕೆ ಹೇರೆತ್ತುಗಳೂ ಉಪಯೋಗಕ್ಕೆ ಬಂದುದು ಸಹಜವೇ. ಶ್ರೀರಂಗಪಟ್ಟಣವು ಬಿದ್ದ ಮೇಲೆ ಕಂಪೆನಿಯವರ ಅಪ್ಪಣೆಯಂತೆ ದೇಶವನ್ನು ನೋಡುತ್ತ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1801ರಲ್ಲಿ ಕುಂದಾಪುರದಿಂದ ಬೈಂದೂರಿಗೆ ಈ ಮಾರ್ಗವಾಗಿಯೇ ಹೋದನು.

1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮಾತ್ರ ಮದರಾಸಿಗೇ ಉಳಿಯಿತು. ಹೀಗಾಗಿ ಶಿರೂರಿನ ಆಚೆಗೆ ಬೇರೆ ಪ್ರಾಂತ. ನಾವುಂದವು ಮದರಾಸು ಪ್ರಾಂತದ ಬಾಲದ ತುದಿಗೆ ಬಿದ್ದಿತು. ರಾಜಧಾನಿಗೆ ದೂರವಾದ ಊರಿಗೆ ರಸ್ತೆಯೂ ತಡವಾಗಿಯೇ ಬರುವುದಷ್ಟೆ. ರಸ್ತೆಗೆಂದು ತೆರಿಗೆಯನ್ನು ಎತ್ತಿದುದು ಮಾತ್ರ ತಡವಾಗಲಿಲ್ಲ. 1871ರ ಸ್ಥಳೀಯ ನಿಧಿಯ ಕಾಯ್ದೆ, 1884ರ ಸ್ಥಳೀಯ ಬೋರ್ಡುಗಳ ಕಾಯ್ದೆ ಇವುಗಳಿಂದ ರೈತನು ಕಂದಾಯದ ಜತೆಗೆ ದಾರಿಯ ಖರ್ಚನ್ನೂ ಕೊಡುತ್ತ ಬಂದನು. ಪ್ರಾಂತಗಳ ಆ ಹಳೆಯ ಗಡಿಯ ಹತ್ತಿರದಲ್ಲಿಯೇ, ಶಿರೂರಿನಲ್ಲಿ, ಈಗ ಹೆದ್ದಾರಿಯ ಸುಂಕದ ಕಟ್ಟೆಯಿದೆ.

ಮೋಟಾರು ಬಂದಾಗ ನದಿಗಳಿಗೆ ಸೇತುವೆಗಳಿರಲಿಲ್ಲ. ಒಂದು ದಡದವರೆಗೆ ಬಸ್ಸು, ನಡುವೆ ಕಡವು, ಆಚೆಯ ದಡದಲ್ಲಿ ಮತ್ತೊಂದು ಬಸ್ಸು ಎಂಬ ಏರ್ಪಾಡು ಈ ಜಿಲ್ಲೆಯಲ್ಲಿ ಬಹುಕಾಲ ನಡೆಯಿತು. ಮೋಟಾರು ಗಾಡಿಗಳಿಗೆ ಇಡೀ ದೇಶಕ್ಕೆ ಅನ್ವಯಿಸುವ ಮೊದಲ ಕಾಯ್ದೆಯು 1914ರಲ್ಲಿ ಆಯಿತು. ಅದಕ್ಕೆ ಬದಲಾಗಿ 1939ರಲ್ಲಿಯೂ 1988ರಲ್ಲಿಯೂ ಹೆಚ್ಚು ವಿಸ್ತಾರವಾದವುಗಳು ಬಂದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯೂ ಆಯಿತು. ತರುವಾಯ ಹೊಳೆಗಳಿಗೆ ಸೇತುವೆಗಳಾಗಿ, ಈ ತೀರದ ದಾರಿಯು ಹದಿನೇಳನೆಯ ಸಂಖ್ಯೆಯ ಹೆದ್ದಾರಿಯೆನಿಸಿ, ಕೊನೆಗೆ ಅರುವತ್ತಾರನೆಯದೆಂದು ಹೆಸರನ್ನು ಬದಲಿಸಿಕೊಂಡಿತು. ಕಡವಿನಲ್ಲಿ ಕಾಯುತ್ತಿದ್ದವರಿಗೆ ಸೇತುವೆಯು ಎಷ್ಟು ದೊಡ್ಡ ಉಪಕಾರವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ನಡುರಾತ್ರಿಯಲ್ಲಿ ಹೆರಿಗೆಯ ಬೇನೆಯವಳನ್ನು ಕುಂದಾಪುರಕ್ಕೆ ಒಯ್ಯಬೇಕಾದ ಮನೆಗಳು ಅದನ್ನು ಬಲ್ಲವು.

ಆದರೆ ಹಾದಿ ದೊಡ್ಡದಾದಷ್ಟೂ ಅದನ್ನು ಅಡ್ಡಲಾಗಿ ದಾಟುವವನ ಹಕ್ಕು ಸಣ್ಣದಾಗುತ್ತ ಬಂದಿತು. ಪ್ರಾಚೀನರು ಈ ವಿಷಯವನ್ನು ಹೇಗೆ ನೋಡಿದರೆಂಬುದು ಇಲ್ಲಿ ವಿಚಾರಾರ್ಹವಾಗಿದೆ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಪಂಡಿತ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ದಾರಿಗಳ ಅಗಲವು ಬಗೆಬಗೆಯಾಗಿ ಹೇಳಲ್ಪಟ್ಟಿದೆ. ಬೀದಿಗೆ ನಾಲ್ಕು ದಂಡ. ದಂಡವೆಂದರೆ ಸುಮಾರು ಆರು ಅಡಿ. ರಾಜಮಾರ್ಗಕ್ಕೆ ಎಂಟು ದಂಡ. ಗ್ರಾಮಪಥಕ್ಕೂ ಎಂಟೇ ದಂಡ! ಊರಿನ ದಾರಿಯನ್ನು ರಾಜನ ದಾರಿಗಿಂತ ಒಂದು ಗೇಣಾದರೂ ಕಡಿಮೆ ಮಾಡಬೇಕೆಂದು ಆ ನಿಷ್ಠುರ ಮಂತ್ರಿಗೆ ತೋರಲಿಲ್ಲ. ರಥದ ದಾರಿಗೆ ಐದು ಮೊಳ, ದನಗಳ ದಾರಿಗೆ ನಾಲ್ಕು, ಆಡುಕುರಿಗಳೂ ಮನುಷ್ಯರೂ ನಡೆಯುವ ದಾರಿಗೆ ಎರಡು. ಎರಡು ಮೊಳದ ದಾರಿಗೂ ಶಾಸ್ತ್ರದಲ್ಲಿ ಹೆಸರಿದೆ, ಅಳತೆಯಿದೆ, ಅದನ್ನು ಅಡ್ಡಗಟ್ಟಿದವನಿಗೆ ಹನ್ನೆರಡು ಪಣಗಳ ದಂಡವಿದೆ. ದನಗಳ ದಾರಿಯಾದರೆ ಇಪ್ಪತ್ತನಾಲ್ಕು. ಏರುತ್ತೇರುತ್ತ ರಾಷ್ಟ್ರದ ದಾರಿಗೆ ಸಾವಿರ. ನಮ್ಮ ಕಾಲದಲ್ಲಿ 1860ರ ದಂಡಸಂಹಿತೆಯು ಸಾರ್ವಜನಿಕ ದಾರಿಗೆ ತಡೆಯೊಡ್ಡಿದವನಿಗೆ 200 ರೂಪಾಯಿಯವರೆಗಿನ ದಂಡವನ್ನು ವಿಧಿಸಿತ್ತು. ಆ 200 ರೂಪಾಯಿಯು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲುಗಾಡದೆ ನಿಂತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 5,000 ರೂಪಾಯಿಯಾಯಿತು.

ದಾರಿಯಲ್ಲಿ ಎದುರುಬದುರಾದಾಗ ಯಾರು ಯಾರಿಗೆ ಎಡೆಗೊಡಬೇಕೆಂಬುದು ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿದೆ. ಗಾಡಿಯಲ್ಲಿರುವವನು, ತೊಂಬತ್ತು ದಾಟಿದ ಮುದುಕ, ರೋಗಿ, ಹೊರೆಹೊತ್ತವನು, ಸ್ತ್ರೀ, ಸ್ನಾತಕ, ಅರಸ, ಮದುವಣಿಗ ಇವರೆಲ್ಲರಿಗೆ ದಾರಿಯನ್ನು ಬಿಡತಕ್ಕದ್ದು. ಆ ಗ್ರಂಥದ ಅನೇಕ ವಿಧಿಗಳನ್ನು ಇಂದಿನವರು ಒಪ್ಪಲಾರರು, ಒಪ್ಪಬೇಕಾದುದೂ ಇಲ್ಲ. ಆದರೆ ಹೊರೆಹೊತ್ತವನನ್ನು ಅರಸನ ಪಂಕ್ತಿಯಲ್ಲಿ ನಿಲ್ಲಿಸಿದ ಈ ಮಾತು ಮೀನಿನ ಬುಟ್ಟಿ ಹೊತ್ತು ರಸ್ತೆಯ ಬದಿಯಲ್ಲಿ ಕಾದುನಿಲ್ಲುವವಳಿಗೆ ಸಲ್ಲತಕ್ಕದ್ದೇ. ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅಪಘಾತಗಳ ವಿಚಾರವು ಇನ್ನಷ್ಟು ಸೂಕ್ಷ್ಮವಾಗಿದೆ. ನೊಗ ಮುರಿದರೆ, ಅಚ್ಚು ಮುರಿದರೆ, ಮೂಗುದಾರ ಹರಿದರೆ ಸಾರಥಿಗೆ ದಂಡವಿಲ್ಲ. ಸಾರಥಿಯು ಕುಶಲನಾಗಿದ್ದು ತಪ್ಪಿದರೆ ದಂಡವು ಅವನಿಗೆ. ಅಕುಶಲನಾದರೆ ಅಂಥವನ ಗಾಡಿಯಲ್ಲಿ ಕುಳಿತವರಿಗೂ ತಲೆಗೆ ನೂರು ನೂರು! ಬೈಂದೂರಿಗೆ ಧಾವಿಸುವ ಬಸ್ಸಿನಲ್ಲಿ ಕುಳಿತು ಚಾಲಕನ ವೇಗವನ್ನು ಮೆಚ್ಚುವ ಪ್ರಯಾಣಿಕರಿಗೆ ಇದನ್ನು ಓದಿಹೇಳಬೇಕು. “ಸರಿ, ಸರಿ” ಎಂದು ಕೂಗುತ್ತ ಬಂದ ಸಾರಥಿಯೂ ಅಲ್ಲಿ ನಿರ್ದೋಷಿಯೆಂದಿದೆ. ಇಂದಿನ ಚಾಲಕರು ಇಡೀ ಧರ್ಮಶಾಸ್ತ್ರದಲ್ಲಿ ಈ ಒಂದು ವಿಧಿಯನ್ನು ಮಾತ್ರ ಕಂಠಪಾಠ ಮಾಡಿದಂತಿದೆ. ಹಾರ್ನನ್ನು ಒತ್ತಿದೊಡನೆ ತಮ್ಮ ಹೊಣೆ ತೀರಿತೆಂದು ತಿಳಿಯುತ್ತಾರೆ.

ಎರಡು ಮೊಳದ ದಾರಿಗೆ ಹೇಳಿ ಮಾಡಿಸಿದ ವಾಹನವು ಸೈಕಲ್ಲು. ಎರಡು ಚಕ್ರಗಳೂ ಸಮನಾಗಿರುವ ಇಂದಿನ ರೂಪವು ಇಂಗ್ಲೆಂಡಿನಲ್ಲಿ 1885ರ ಸುಮಾರಿಗೆ ಸಿದ್ಧವಾಯಿತು. ಗಾಳಿ ತುಂಬಿದ ರಬ್ಬರಿನ ಚಕ್ರವು 1888ರದು. ಸ್ವಾತಂತ್ರ್ಯದ ತರುವಾಯ ಮದರಾಸು, ಲೂಧಿಯಾನ ಮೊದಲಾದೆಡೆಗಳಲ್ಲಿ ಕಾರ್ಖಾನೆಗಳಾಗಿ, ಸೈಕಲ್ಲು ಹಳ್ಳಿಯ ಕೈಗೆ ಎಟುಕುವಂತಾಯಿತು. ಅಂಚೆಯವನು, ಶಾಲೆಯ ಅಧ್ಯಾಪಕ, ಐಸಿನ ಪೆಟ್ಟಿಗೆಯಲ್ಲಿ ಮೀನು ಕಟ್ಟಿಕೊಂಡು ಒಳನಾಡಿಗೆ ಹೋಗುವವನು ಇವರ ಜೀವನವೆಲ್ಲ ಅದರ ಮೇಲೆಯೇ ನಡೆಯಿತು. ಗದ್ದೆಯ ಅಂಚಿನಲ್ಲಿ ಹೋಗುವುದು. ಅದೂ ಇಲ್ಲವಾದಲ್ಲಿ ಹೆಗಲ ಮೇಲೆ ಏರುವುದು. ಕರ್ನಾಟಕ ಸರಕಾರವು 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲುಗಳನ್ನು ಹಂಚಿತು. ಕೋವಿಡ್ ಕಾಲದಲ್ಲಿ ಆ ಹಂಚಿಕೆಯು ನಿಂತಿತು. ದೂರದ ಪ್ರೌಢಶಾಲೆಗೆ ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳಿಗೆ ಅದು ಎಂತಹ ಧೈರ್ಯವನ್ನು ಕೊಟ್ಟಿತೆಂಬುದನ್ನು ಆ ಕಾಲದ ಅಧ್ಯಾಪಕರು ಬಲ್ಲರು. ಸೈಕಲ್ಲನ್ನು ಕೊಟ್ಟ ಸರಕಾರವು ಸೈಕಲ್ಲಿಗೆ ದಾರಿಯನ್ನೂ ಕೊಡಬೇಕೆಂಬುದು ಮಾತ್ರ ಯಾರ ಲೆಕ್ಕದಲ್ಲಿಯೂ ಬರಲಿಲ್ಲ.

ಇಷ್ಟರಲ್ಲಿ ಹೆದ್ದಾರಿಯು ನಾಲ್ಕು ಸಾಲಿನದಾಯಿತು. ಗೋವೆಯ ಗಡಿಯಿಂದ ಕುಂದಾಪುರದವರೆಗಿನ ಭಾಗದ ಕೆಲಸವು 2014ರಲ್ಲಿ ಆರಂಭವಾಯಿತು. ಮರಗಳು ಉರುಳಿದವು, ಅಂಗಡಿಗಳ ಮುಂಭಾಗಗಳು ಹೋದವು, ನಡುವೆ ವಿಭಾಜಕವು ಎದ್ದಿತು. ಉತ್ತರದಕ್ಷಿಣದವರಿಗೆ ಲಾಭ, ಪೂರ್ವಪಶ್ಚಿಮದವರಿಗೆ ಗೋಡೆ. ಎದುರಿಗೇ ಕಾಣುವ ಮನೆಗೆ ಹೋಗಬೇಕಾದವನು ವಿಭಾಜಕದ ತೆರಪನ್ನು ಹುಡುಕಿಕೊಂಡು ದೂರ ಹೋಗಿ ಮರಳಿ ಬರಬೇಕು; ಇಲ್ಲವೆ ಕಾಯ್ದೆಗೆ ವಿರುದ್ಧವಾಗಿ ಎದುರುದಿಕ್ಕಿನಲ್ಲಿ ಸೈಕಲ್ಲನ್ನು ತುಳಿಯಬೇಕು. ಹೀಗೆ ಮಾಡುವವರನ್ನು ಅವಿವೇಕಿಗಳೆಂದು ಜರೆಯುವುದು ಸುಲಭ. ಸರ್ವಿಸ್ ರಸ್ತೆ ಬೇಕೆಂದು ಕರಾವಳಿಯ ಊರೂರುಗಳು ಕೂಗಿಕೊಂಡುದು ಇದೇ ಕಾರಣದಿಂದ.

ಇನ್ನು ಕಟ್ಟುವವರ ಮಾತು. ಇದೇ ಹೆದ್ದಾರಿಯ ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯು ವಾಯಿದೆಯ ಮೇಲೆ ವಾಯಿದೆಯನ್ನು ಕಂಡು, ಜನರ ನಗೆಚಾಟಿಕೆಗೆ ವಸ್ತುವಾಗಿ, 2020ರ ಜನವರಿ 31ರಂದು ಉದ್ಘಾಟನೆಗೊಂಡಿತು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆಯೂ ವರ್ಷಗಟ್ಟಲೆ ಅರೆಬರೆಯಾಗಿ ನಿಂತು ನಾವುಂದದಿಂದ ಪೇಟೆಗೆ ಹೋಗುವವರ ಸಹನೆಯನ್ನು ಪರೀಕ್ಷಿಸಿತು.

ಹಳ್ಳಿಯ ಮನೆಕಟ್ಟುವ ಕೆಲಸದಲ್ಲಿಯೂ ಕಥೆ ಇದೇ, ಪ್ರಮಾಣ ಮಾತ್ರ ಚಿಕ್ಕದು. ಮುರಕಲ್ಲು, ಮಣ್ಣು, ಮರಗಳಿಂದ ಮನೆ ಕಟ್ಟುತ್ತಿದ್ದಾಗ ಮೇಸ್ತ್ರಿಯೂ ಆಚಾರಿಯೂ ಊರಿನವರೇ. ಮಾತಿಗೆ ತಪ್ಪಿದವನು ಮರುದಿನ ಅದೇ ದೇವಸ್ಥಾನದಲ್ಲಿ ಮುಖ ತೋರಿಸಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂದಿತು. ಬಳಿಕ ಸಿಮೆಂಟಿನ ತಾರಸಿ, ಅದರೊಡನೆ ಗುತ್ತಿಗೆದಾರನು. ಅವನು ಮುಂಗಡವನ್ನು ಪಡೆಯುತ್ತಾನೆ, ಅಡಿಪಾಯವನ್ನು ಎಬ್ಬಿಸುತ್ತಾನೆ, ಮತ್ತೊಬ್ಬನ ಮುಂಗಡ ಬಂದೊಡನೆ ಅಲ್ಲಿಗೆ ಹೋಗುತ್ತಾನೆ. ಕೇಳಿದರೆ ಹೊಯ್ಗೆ ಸಿಗುವುದಿಲ್ಲ, ಆಳು ಸಿಗುವುದಿಲ್ಲ. ಹೊಯ್ಗೆಯ ಮಾತು ಎಷ್ಟೋ ವೇಳೆ ನಿಜವೂ ಹೌದು. ಅಷ್ಟರಲ್ಲಿ ಮೃಗಶಿರೆ ಹಿಡಿಯುತ್ತದೆ. ಮಾಡಿಲ್ಲದ ಗೋಡೆಗಳು ನಾಲ್ಕು ತಿಂಗಳು ನೆನೆಯುತ್ತವೆ. ಮನೆಯವರು ಮತ್ತೊಂದು ವರ್ಷ ಬಾಡಿಗೆ ಕೊಡುತ್ತಾರೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಕೂಡಿಸಿದ ಹಣವು ಹೀಗೆ ಕರಗಿದ ಮನೆಗಳು ಈ ಭಾಗದಲ್ಲಿ ವಿರಳವಲ್ಲ.

ಕೌಟಿಲ್ಯನು ಕುಶಲಕರ್ಮಿಗಳ ಪ್ರಕರಣದಲ್ಲಿ ಇದನ್ನು ಮುಂಗಂಡಿದ್ದಾನೆ. ದೇಶ, ಕಾಲ, ಕೆಲಸ ಮೂರನ್ನೂ ಗೊತ್ತುಮಾಡಿಯೇ ಕೆಲಸ ಹಿಡಿಯಬೇಕು. ಕಾಲ ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಇಮ್ಮಡಿ ದಂಡ. ಹೇಳಿದುದನ್ನು ಬಿಟ್ಟು ಬೇರೆ ಮಾಡಿದರೆ ಕೂಲಿಯೇ ಇಲ್ಲ, ಅದರ ಇಮ್ಮಡಿ ದಂಡವೂ ಉಂಟು. ಆಕಸ್ಮಿಕ ವಿಪತ್ತುಗಳಿಗೆ ವಿನಾಯಿತಿಯನ್ನೂ ಮರೆತಿಲ್ಲ. ಆಂಗ್ಲರು 1859ರಲ್ಲಿ ಮಾಡಿದ ಕಾಯ್ದೆಯು, ಮುಂಗಡ ಪಡೆದು ಕೆಲಸ ಮಾಡದ ಕೂಲಿಯವನನ್ನು ಸೆರೆಮನೆಗೆ ಕಳುಹಿಸಲು ಅವಕಾಶ ಕೊಟ್ಟಿತು. ಕೂಲಿಯನ್ನು ಕೊಡದ ಧಣಿಗೆ ಅಂತಹ ಶಿಕ್ಷೆಯೇನೂ ಇರಲಿಲ್ಲ. ಆ ಅನ್ಯಾಯವು 1925ರ ಕಾಯ್ದೆಯಿಂದ ರದ್ದಾದುದು ಒಳ್ಳೆಯದೇ ಆಯಿತು. 1872ರ ಕರಾರು ಕಾಯ್ದೆಯಂತೆ ನಷ್ಟವನ್ನು ಕೇಳಬಹುದು. ಗ್ರಾಹಕರ ಕಾಯ್ದೆಗೆ 1993ರಲ್ಲಾದ ತಿದ್ದುಪಡಿಯಿಂದ ಮನೆಕಟ್ಟುವ ಕೆಲಸವೂ ಸೇವೆಯೆಂದು ಎಣಿಸಲ್ಪಟ್ಟುದರಿಂದ ಗ್ರಾಹಕರ ನ್ಯಾಯಾಸ್ಥಾನದ ಬಾಗಿಲೂ ತೆರೆದಿದೆ. 2016ರ ರೇರಾ ಕಾಯ್ದೆಯಾದರೋ ದೊಡ್ಡ ಬಡಾವಣೆಗಳಿಗೂ ವಸತಿ ಸಮುಚ್ಚಯಗಳಿಗೂ ಸಂಬಂಧಿಸಿದುದು; ತನ್ನ ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸುವವನಿಗೆ ಅದರ ನೆರಳು ಬೀಳುವುದಿಲ್ಲ. ಅವನು ಮೊದಲು ಕರಾರನ್ನು ಕಾಗದದಲ್ಲಿ ಬರೆಯಿಸಿಕೊಂಡಿರಬೇಕು. ದಾಕ್ಷಿಣ್ಯದಿಂದ ಬರೆಯಿಸಿಕೊಳ್ಳದವರೇ ಹೆಚ್ಚು.

ಹೆದ್ದಾರಿಯ ಗದ್ದಲದಲ್ಲಿ ಮರೆತುಹೋದುದು ಮೂಡಣ ದಿಕ್ಕಿನ ಹಾದಿ. ಸೌಪರ್ಣಿಕೆಗೆ ನೆರೆ ಬಂದಾಗ ನಾವುಂದದ ಸಾಲ್ಬುಡ, ನೆರೆಯ ಬಡಾಕೆರೆ ಮೊದಲಾದ ಕಡೆಗಳಲ್ಲಿ ಅಂಗಳಕ್ಕೇ ನೀರು ಬಂದು ದೋಣಿಯೊಂದೇ ಗತಿಯಾಗುತ್ತದೆ; ನಾಲ್ಕು ಸಾಲಿನ ರಸ್ತೆಯು ಅಲ್ಲಿಂದ ದೂರವೇನೂ ಇಲ್ಲ. ಇನ್ನೂ ಒಳಗಿನ ಹಳ್ಳಿಗಳಲ್ಲಿ ತೋಡುಗಳನ್ನು ದಾಟುವುದು ಕಾಲುಸಂಕಗಳ ಮೇಲೆ. ಅಡಕೆಯದೋ ಕಾಡುಮರದ್ದೋ ಎರಡು ಮೂರು ದಿಮ್ಮಿಗಳನ್ನು ಅಡ್ಡಹಾಕಿ, ಹಿಡಿಯಲು ಒಂದು ಬಳ್ಳಿಯನ್ನೋ ಗಳವನ್ನೋ ಕಟ್ಟಿದರೆ ಸಂಕವಾಯಿತು. ಮಳೆಗಾಲಕ್ಕೆ ಮುಂಚೆ ಊರವರೇ ಕೂಡಿ ಅದನ್ನು ಹಾಕುವರು. ಅದಕ್ಕೆ ಗುತ್ತಿಗೆಯಿಲ್ಲ, ವಾಯಿದೆಯಿಲ್ಲ, ಉದ್ಘಾಟನೆಯಿಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಕಾಲ್ತೋಡು ಗ್ರಾಮದಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಬಾಲಿಕೆಯೊಬ್ಬಳು ಇಂತಹ ಸಂಕದಿಂದ ಕಾಲುಜಾರಿ ನೀರಿನಲ್ಲಿ ಕೊಚ್ಚಿಹೋದಳು. ತರುವಾಯ ಮಂತ್ರಿಗಳೂ ಅಧಿಕಾರಿಗಳೂ ಬಂದರು. ತಾಲೂಕಿನ ಸಂಕಗಳ ವಿಷಯವು ಪತ್ರಿಕೆಗಳಲ್ಲಿ ಕೆಲವು ವಾರ ಚರ್ಚೆಗೆ ಬಂದಿತು. ಕೌಟಿಲ್ಯನು ಮನುಷ್ಯಪಥಕ್ಕೆ ಹೇಳಿದ ಅಗಲವು ಎರಡು ಮೊಳ. ಇಂತಹ ಸಂಕಗಳ ಅಗಲವು ಅನೇಕ ಕಡೆ ಒಂದು ಮೊಳಕ್ಕೂ ಬಾರದು.