ಕೆಮ್ಮು ಒಂದೇ, ಕಾಯಿಲೆ ಹಲವು

ಕುದ್ರೋಳಿಯ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ನೆರವೇರಿಸಿದ್ದು 1912ರಲ್ಲಿ. ಅದಾದ ಆರು ವರ್ಷಗಳಿಗೆ ನಮ್ಮ ದೇಶದ ಮೇಲೆ ಮಹಾಜ್ವರವೊಂದು ಎರಗಿತು. 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಪಿಡುಗು ಮಳೆಗಾಲ ಮುಗಿಯುವ ಹೊತ್ತಿಗೆ ಉಗ್ರರೂಪ ತಾಳಿ, ಭಾರತದಲ್ಲಿ 1 ಕೋಟಿ 20 ಲಕ್ಷಕ್ಕೂ ಮಿಕ್ಕಿ ಜೀವಗಳನ್ನು ಬಲಿ ತೆಗೆದುಕೊಂಡಿತು.

ಆಗ ನನ್ನ ಅಜ್ಜಿಗೆ ಹತ್ತು ವರ್ಷ. ಕುದ್ರೋಳಿಯ ತವರುಮನೆಯಲ್ಲಿ ಅವರ ಅಣ್ಣ ತೀರಿಕೊಂಡದ್ದನ್ನು ಅವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಯಾವ ಕಾಯಿಲೆಯೆಂದು ಕೇಳಿದರೆ, "ಆ ವರ್ಷದ ಜ್ವರ" ಎಂದಷ್ಟೇ ಉತ್ತರ. ಅದನ್ನು ಅಜ್ಜಿಯ ಅಜ್ಞಾನವೆಂದು ನಾನು ಬಹುಕಾಲ ತಿಳಿದಿದ್ದೆ. ನಿಜವೇನೆಂದರೆ, ಅಂದು ಲೋಕದ ದೊಡ್ಡ ವೈದ್ಯರೂ ಅದಕ್ಕಿಂತ ಹೆಚ್ಚೇನನ್ನೂ ತಿಳಿದಿರಲಿಲ್ಲ. ಜರ್ಮನಿಯ ಫೈಫರ್ 1892ರಲ್ಲಿ ಹೆಸರಿಸಿದ ಬ್ಯಾಕ್ಟೀರಿಯವೇ ಇನ್‌ಫ್ಲುಯೆಂಜಾದ ಮೂಲವೆಂದು ಅನೇಕರು ನಂಬಿದ್ದರು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸು ಲಂಡನ್ನಿನ ಪ್ರಯೋಗಶಾಲೆಯಲ್ಲಿ ಫೆರೆಟ್ ಎಂಬ ಪ್ರಾಣಿಯ ಮೂಲಕ ಸಿಕ್ಕಿಬಿದ್ದದ್ದು 1933ರಲ್ಲಿ. ಎಳೆಯ ಮಕ್ಕಳ ಉಸಿರಾಟವನ್ನು ಕಂಗೆಡಿಸುವ ಆರ್‌ಎಸ್‌ವಿ 1956ರಲ್ಲಿ ಪತ್ತೆಯಾಯಿತು. ಮನುಷ್ಯರ ಕೊರೋನಾ ವೈರಸ್ಸುಗಳು 1960ರ ದಶಕದಲ್ಲಿ.

ಹೆಸರು ತಿಳಿದ ಮಾತ್ರಕ್ಕೆ ಗುರುತು ಹಿಡಿಯುವುದು ಸುಲಭವಾಗಲಿಲ್ಲ. ಸಾಮಾನ್ಯ ಶೀತದಲ್ಲಿ ಸೀನು, ಮೂಗು ಸೋರುವಿಕೆ ಹೆಚ್ಚು, ಜ್ವರ ಕಡಿಮೆ. ಇನ್‌ಫ್ಲುಯೆಂಜಾ ಹಠಾತ್ತನೆ ಬಂದು ಮೈಕೈ ನೋವಿನಿಂದ ಮಲಗಿಸುತ್ತದೆ. ಸೋಂಕು ತಗಲಿದ 1ರಿಂದ 4 ದಿನಗಳೊಳಗೆ ಲಕ್ಷಣ ತೋರುತ್ತದೆ. ಕೋವಿಡ್ 14 ದಿನಗಳವರೆಗೂ ಹೊಂಚು ಹಾಕಬಲ್ಲದು. ಆದರೆ ಇವೆಲ್ಲ ಪುಸ್ತಕದ ಗೆರೆಗಳು. ಕೆಮ್ಮುವವನ ಎದೆಯಲ್ಲಿ ಗೆರೆಗಳು ಕಲಸಿಹೋಗುತ್ತವೆ. ಆದುದರಿಂದಲೇ ಪರೀಕ್ಷೆ ಬೇಕಾಯಿತು. ವೈರಸ್ಸಿನ ತಳಿದ್ರವ್ಯದ ತುಣುಕನ್ನು ಕೋಟಿಪಾಲು ಹೆಚ್ಚಿಸಿ ತೋರುವ ಪಿಸಿಆರ್ ವಿಧಾನ 1983ರಲ್ಲಿ ಹುಟ್ಟಿತು. 2009ರ ಎಚ್‌1ಎನ್‌1 ಪಿಡುಗಿನಲ್ಲಿ ನಮ್ಮ ದೇಶಕ್ಕೂ ಅದೇ ಆಸರೆಯಾಯಿತು. 2020ರ ಮಾರ್ಚ್ 22ರಂದು ದಕ್ಷಿಣ ಕನ್ನಡದ ಮೊದಲ ಕೋವಿಡ್ ಪ್ರಕರಣ ದೃಢಪಟ್ಟಾಗ ಮಾದರಿಗಳನ್ನು ಹೊರ ಜಿಲ್ಲೆಗೆ ಕಳುಹಿಸಿ ಕಾಯಬೇಕಿತ್ತು. ಏಪ್ರಿಲ್‌ನಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿಯೇ ಪರೀಕ್ಷೆ ಆರಂಭವಾಯಿತು.

ಇಷ್ಟನ್ನು ಬಲ್ಲ ನಾನೇ ಎಡವಿದ ಪ್ರಸಂಗವನ್ನು ಮುಚ್ಚಿಡಲಾರೆ. 2022ರ ಜನವರಿಯಲ್ಲಿ ನನಗೆ ಗಂಟಲು ಕೆರೆತ, ಸಣ್ಣ ಜ್ವರ. ಹಿಂದಿನ ವರ್ಷ ಕೋವಿಡ್ ಬಂದವರು ವಾಸನೆ ಕಳೆದುಕೊಂಡದ್ದನ್ನು ಕಂಡಿದ್ದೆ. ನನಗೋ ಕಾಫಿಯ ಪರಿಮಳ ಚೆನ್ನಾಗಿ ತಿಳಿಯುತ್ತಿತ್ತು. ಬರಿಯ ಶೀತವೆಂದು ತೀರ್ಮಾನಿಸಿ, ಎಂಬತ್ತು ದಾಟಿದ ಸೋದರತ್ತೆಯನ್ನು ನೋಡಲು ಕುದ್ರೋಳಿಗೆ ಹೋದೆ. ಓಮಿಕ್ರಾನ್ ತಳಿಯಲ್ಲಿ ವಾಸನೆ ಹೋಗುವುದು ಬಹಳ ಕಡಿಮೆಯೆಂಬುದು ನನಗೆ ತಿಳಿದಿರಲಿಲ್ಲ. ಮೂರನೆಯ ದಿನ ನನ್ನ ಪರೀಕ್ಷೆ ಪಾಸಿಟಿವ್. ಐದನೆಯ ದಿನ ಅತ್ತೆಯದೂ. ಅವರು ಹದಿನಾರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. "ಮಾಸ್ಟ್ರಿಗೆ ಪರೀಕ್ಷೆ ಅಂದರೆ ಮಕ್ಕಳಿಗೆ ಮಾತ್ರವೋ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ರೋಗದ ಹೆಸರು ಪಾಂಡಿತ್ಯದ ಮಾತಲ್ಲ. ಇನ್‌ಫ್ಲುಯೆಂಜಾಕ್ಕೆ ಓಸೆಲ್ಟಮಿವಿರ್ ಔಷಧಿಯುಂಟು, ಮೊದಲ 48 ಗಂಟೆಗಳಲ್ಲಿ ಕೊಟ್ಟರೆ ಗುಣ ಹೆಚ್ಚು; ಕೋವಿಡ್‌ಗೆ ಅದು ನಾಟದು. ಮನೆಯ ಕಿಟ್ಟಿನಲ್ಲಿ ನೆಗೆಟಿವ್ ಬಂದರೂ ಸೋಂಕು ಇಲ್ಲವೆಂದು ಖಚಿತವಾಗದು. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಹಸುಗೂಸುಗಳಲ್ಲಿ ಎಚ್‌ಎಂಪಿವಿ ಕಂಡಾಗ ಜನ ಹೊಸ ಮಾರಿಯೆಂದು ಬೆದರಿದರು. ಅದು 2001ರಲ್ಲಿಯೇ ಪತ್ತೆಯಾದ ಹಳೆಯ ವೈರಸ್ಸು. ಸರಿಯಾದ ಹೆಸರು ಕೆಲವೊಮ್ಮೆ ಎಚ್ಚರಿಸುತ್ತದೆ, ಕೆಲವೊಮ್ಮೆ ಧೈರ್ಯ ಕೊಡುತ್ತದೆ.

ಅಜ್ಜಿಯ ಅಣ್ಣನಿಗೆ ಆ ಭಾಗ್ಯವಿರಲಿಲ್ಲ. ನಮಗಿದೆ. ಆದ್ದರಿಂದ ಓದುಗ ಮಿತ್ರರೇ, ಕೆಮ್ಮು ಬಂದಾಗ ಹಿರಿಯರ ಮನೆಯ ಮೆಟ್ಟಿಲೇರುವ ಮುನ್ನ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.