ಮಾಳಿಗೆ ಮನೆಗಳ ಚರಿತ್ರೆ

ಗುಡಿಗೆ ಗೋಪುರ ಹೇಗೆ ಶೋಭೆಯೋ, ರೈತನ ಮನೆಗೆ ಮಾಳಿಗೆ ಹಾಗೆ. ಸಿ. ಬೆಳಗಲ್ ಸೀಮೆಯಲ್ಲಿ ಸಿಮೆಂಟು ಬರುವ ಮುಂಚೆ ಹಿರಿಯರು ಕಟ್ಟಿದ್ದು ಮಾಳಿಗೆ ಮನೆಗಳನ್ನೇ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗಳ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮೇಲಿನ ಪದರಕ್ಕೆ ಸವುಳು ಮಣ್ಣು ಹಾಕುತ್ತಿದ್ದರು. ಅದರಲ್ಲಿ ಹುಲ್ಲು ಬೆಳೆಯದು, ಮಳೆನೀರು ಬೇಗ ಇಳಿಯದು. ಭಾರ ಹೊರುವುದು ಕಂಬ. ಗೋಡೆ ಕುಸಿದರೂ ಮಾಳಿಗೆ ನಿಲ್ಲುತ್ತಿತ್ತು. ಒಳಗೆ ಎತ್ತುಗಳಿಗೆ ಗೋದಲಿ, ಜೋಳಕ್ಕೆ ಹಗೇವು, ಬೆಳಕು ಬರಲು ಹೊಗೆ ಹೋಗಲು ಗವಾಕ್ಷಿ.

ಇಂಥ ಎಷ್ಟೋ ಮನೆಗಳು ಶ್ರೀಶೈಲ ಜಲಾಶಯದ ಪಾಲಾದವು. 1981ರಲ್ಲಿ ಕರ್ನೂಲು, ಮಹಬೂಬನಗರ ಜಿಲ್ಲೆಗಳ 100ಕ್ಕೂ ಹೆಚ್ಚು ಹಳ್ಳಿಗಳನ್ನು ತೆರವು ಮಾಡಿಸಲಾಯಿತು. ಬಾದಾಮಿ ಚಾಲುಕ್ಯರ ಕಾಲದ ಕೂಡವೆಲ್ಲಿ ಸಂಗಮೇಶ್ವರ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ತಿರುಗಿ ಕಟ್ಟಿದರು. ದೇವರ ಮನೆ ಉಳಿಯಿತು. ರೈತರ ಮನೆಗಳಿಗೆ ಆ ಭಾಗ್ಯ ಬರಲಿಲ್ಲ.

ಮರದ ಮನೆಯನ್ನು ಹಾಗೆ ಉಳಿಸಲು ಸಾಧ್ಯವೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಬೇಲೀಫ್ ಎಂಬ ರೈತನ ಮನೆಯೇ ಉತ್ತರ. ಕೆಂಟ್ ಸೀಮೆಯ ಆ ಮನೆ 15ನೇ ಶತಮಾನದ್ದು. ಓಕ್ ಮರದ ಚೌಕಟ್ಟು, ನಡುಮನೆಯಲ್ಲೇ ಒಲೆ. ಅಲ್ಲಿಯೂ ಜಲಾಶಯವೇ ಅಡ್ಡ ಬಂತು. 1968ರ ಸುಮಾರಿಗೆ ಅದರ ಕಂಬ ತೊಲೆಗಳನ್ನು ಬಿಚ್ಚಿ ಸಾಗಿಸಿ, ಸಸೆಕ್ಸ್ ಸೀಮೆಯ ಸಿಂಗಲ್‌ಟನ್ ಎಂಬಲ್ಲಿ ಮೊದಲಿನಂತೆಯೇ ನಿಲ್ಲಿಸಿದರು. ಈಗಲೂ ಜನ ಹೋಗಿ ನೋಡುತ್ತಾರೆ. ಕೂಡಿಸಿ ಕಟ್ಟಿದ ಮರವಾದ್ದರಿಂದ ಬಿಚ್ಚಲು ಬಂತು. ಕಾಂಕ್ರೀಟಿಗೆ ಆ ಗುಣವಿಲ್ಲ.

ಕನ್ನಡ ನಾಡಿನಲ್ಲಿಯೂ ಇಂಥ ಪುಣ್ಯಕಾರ್ಯ ನಡೆದಿದೆ. ಬ್ಯಾಂಕಿನ ನೌಕರಿಯಲ್ಲಿದ್ದ ಶ್ರೀ ವಿಜಯನಾಥ ಶೆಣೈಯವರು (1934–2017), ಕೆಡವಲು ಹೊರಟ ಹಳೆಯ ಮನೆಗಳನ್ನು ಕಂಡು ಮರುಗಿ, ಅವನ್ನು ಬಿಚ್ಚಿ ತಂದು ಮಣಿಪಾಲದಲ್ಲಿ 'ಹಸ್ತಶಿಲ್ಪ' ಗ್ರಾಮವನ್ನೇ ಕಟ್ಟಿದರು. ಉಡುಪಿ ಸೀಮೆಯ ಕುಂಜೂರಿನ 1816ರ ಚೌಕಿಮನೆ ಅಲ್ಲಿದೆ.

ಎಲ್ಲ ಮನೆಗಳನ್ನೂ ಸಾಗಿಸಿ ಉಳಿಸುವುದು ಆಗದ ಮಾತು. ಮಕ್ಕಳಿಗೆ ಪಕ್ಕಾ ಮನೆ ಬೇಕೆಂಬುದೂ ನ್ಯಾಯವೇ. ಆದರೆ ಹಳೆಯ ತೊಲೆಯನ್ನು ಸೌದೆಯ ಲೆಕ್ಕದಲ್ಲಿ ತಕ್ಕಡಿಗೆ ಹಾಕುವ ಮುಂಚೆ ಮನೆಯವರು ಒಂದು ದಿನ ನಿಲ್ಲಬಹುದು. ಹಿರಿಯರನ್ನು ಕೂಡಿಸಿ, ಯಾವ ಕಾಲದಲ್ಲಿ ಯಾರು ಕಟ್ಟಿಸಿದರು, ಮರ ಎಲ್ಲಿಯದು ಎಂದು ಕೇಳಿ ಬರೆದಿಟ್ಟು, ಒಂದು ಫೋಟೋ ತೆಗೆಸಬಹುದು. ಗಟ್ಟಿಯಿರುವ ಕಂಬಗಳನ್ನು ಹೊಸ ಮನೆಯ ಪಡಸಾಲೆಗೆ ನಿಲ್ಲಿಸಬಹುದು. ಗುಡಿಯ ಚರಿತ್ರೆಯನ್ನು ಶಿಲಾಶಾಸನ ಹೇಳುತ್ತದೆ. ಗುಡಿಗೆ ನಡೆದುಕೊಂಡ ರೈತರ ಚರಿತ್ರೆಯನ್ನು ಹೇಳಲು ಈ ಕಂಬಗಳೇ ಉಳಿದಿರುವುದು.